ಹಿಂದಿನ ನಾಲ್ವರು

ಏಳು ಗೋಲು ತಿಂದೆವು. ಒಂದಲ್ಲ, ಎರಡಲ್ಲ, ಏಳು. ಹೊಸಕೋಟೆ ಕಡೆಯ ಒಂದು ಕಾರ್ಖಾನೆಯ ಹುಡುಗರು ನಮ್ಮ ಬಾಶೆಟ್ಟಿಹಳ್ಳಿಯ ಮೈದಾನಕ್ಕೇ ಬಂದು, ನಮ್ಮ ಕ್ಯಾನಿನ ನೀರನ್ನೇ ಕುಡಿದು, ನಮ್ಮ ಗೋಲಿನೊಳಗೆ ಏಳು ಸಲ ಚೆಂಡು ತೂರಿಸಿ, ಊಟದ ಹೊತ್ತಿಗೆಲ್ಲ ಟೆಂಪೊ ಹತ್ತಿ ಹೊರಟುಹೋದರು. ಆರನೆಯ ಗೋಲಾದ ಮೇಲೆ ನಮ್ಮ ಗೋಲ್‌ಕೀಪರ್ ಗ್ಲೌಸ್ ಬಿಚ್ಚಿ ಕಂಬದ ಬುಡದಲ್ಲಿಟ್ಟ. ಏಳನೆಯದನ್ನು ಬರಿಗೈಯಲ್ಲಿ ನೋಡುತ್ತ ನಿಂತ. ಮರುದಿನ ಬೆನ್ನುನೋವು, ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ. ಅವನ ಹಿಂದೆಯೇ ಇನ್ನೂ ಐದು ಜನ ಬಿಟ್ಟರು. ಒಬ್ಬೊಬ್ಬನಿಗೆ ಒಂದೊಂದು ಕಡೆ ನೋವು.

ನಾನು ಮುನೀಂದ್ರ. ಕಾರಿಗೆ ಹಾಕುವ ಪ್ಲಾಸ್ಟಿಕ್ ಸಾಮಾನು ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಹದಿನಾರು ವರ್ಷದಿಂದ ಕೆಲಸ. ಪರ್ಮನೆಂಟ್. ನನ್ನ ಬಾಯಿ ಸರಿಯಿಲ್ಲ ಅಂತ ಹೆಂಡತಿ ಹೇಳುತ್ತಾಳೆ, ಇರಬಹುದು. ಮಂಡಿ ಕೈಕೊಡುವ ತನಕ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್ ಬ್ಯಾಕ್ ಆಗಿ ಆಡಿದೆ. ಆಮೇಲೆ ತಂಡ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಎರಡನೇ ಗೇಟಿನ ಹೊರಗೆ ಸೇರುತ್ತೇವಾದ್ದರಿಂದ ಎಲ್ಲರೂ ನಮ್ಮನ್ನು ಎರಡನೇ ಗೇಟ್ ಟೀಮ್ ಅನ್ನುತ್ತಾರೆ. ಸುತ್ತಮುತ್ತಲ ಎಂಟು ಕಾರ್ಖಾನೆಗಳು ಸೇರಿ ಪ್ರತಿವರ್ಷ ಒಂದು ಕಪ್ಪು, ಅಂದರೆ ಪಂದ್ಯಾವಳಿ, ನಡೆಸುತ್ತವೆ, ಭಾನುವಾರ ಭಾನುವಾರ ಆಟ. ಪರ್ಮನೆಂಟೋ ಕಾಂಟ್ರ್ಯಾಕ್ಟೋ, ಗೇಟ್ ಪಾಸ್ ಇದ್ದವನು ಆಡಬಹುದು. ಪಾಸ್ ಇಲ್ಲದವನು ಆಡುವ ಹಾಗಿಲ್ಲ. ಈ ಕಪ್ಪನ್ನು ನಾವು ಒಮ್ಮೆಯೂ ಗೆದ್ದವರಲ್ಲ. ಆದರೆ ಏಳು ಗೋಲು ತಿಂದವರೂ ಅಲ್ಲ.

ಸೋಮವಾರ ಗೇಟಿನೆದುರಿನ ಟೀ ಅಂಗಡಿಯಲ್ಲಿ ಜಾಫರ್ ಸಿಕ್ಕಿದ. ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ನನ್ನದೇ ವಯಸ್ಸು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವನು ಮುಂದೆ ಆಡುತ್ತಿದ್ದ, ನಾನು ಹಿಂದೆ. ಹಾಗಾಗಿ ಹದಿನಾರು ವರ್ಷದಿಂದ ಒಂದೇ ಜಗಳ.

"ಲೇ ಮುನಿ, ಏಳು ತಿಂದ್ವಿ ಸರಿ. ಎರಡು ಹೊಡೆದ್ವಾ ಇಲ್ವಾ? ಫರಾಜ್ ಒಬ್ನೇ ಹೊಡ್ದ. ಪಕ್ಕದಲ್ಲಿ ಅಂಥೋನು ಇನ್ನೊಬ್ಬ ಇದ್ದಿದ್ರೆ?" ಎಂದ.

"ಇದ್ದಿದ್ರೆ ಏಳು-ನಾಲ್ಕು ಆಗಿರೋದು. ಅವಾಗೇನು ಸಿಹಿ ಹಂಚ್ತಿದ್ಯಾ?"

"ಹುಡುಗ್ರು ಟೀಮಿಗೆ ಬರೋದು ಗೋಲ್ ಹೊಡೆಯೋಕೆ ಗುರು. ಈಗ ಆರು ಜನ ಬಿಟ್ಟವ್ರೆ. ಹೊಸಬರನ್ನ ಕರೀಬೇಕು ಅಂದ್ರೆ ಮುಂದೆ ಆಡಿಸ್ತೀನಿ ಬಾ ಅನ್ನು, ಓಡೋಡಿ ಬರ್ತಾರೆ. ಡಿಫೆನ್ಸು ಡಿಫೆನ್ಸು ಅಂತ ನೀನು ಪಾಠ ಶುರು ಮಾಡಿದ್ರೆ ಯಾವನೂ ಇತ್ಲಾಗೆ ತಲೆ ಹಾಕಲ್ಲ."

"ಮನೆಗೆ ಬಾಗ್ಲೇ ಇಲ್ಲ, ನೀನು ಸೀರಿಯಲ್ ಸೆಟ್ ಕಟ್ಟೋಣ ಅಂತೀಯಲ್ಲೋ! ಮೊದ್ಲು ಹಿಂದೆ ನಾಲ್ಕು ಜನ ನೆಟ್ಟಗೆ ನಿಂತ್ಕೊಳ್ಲಿ. ಗೋಲ್ ಬಿಟ್ಕೊಡ್ದೆ ಇದ್ರೆ ಸೋಲೋದೇ ಇಲ್ಲ. ಆಮೇಲೆ ಗೋಲಿನ ಮಾತು."

"ನಿನ್ ಹಠ ನಿನ್ಗೆ," ಎಂದು ಅವನು ಲೋಟ ಇಟ್ಟು ಎದ್ದುಹೋದ. ಜಾಫರನಿಗೆ ಸಿಟ್ಟು ಬಂದರೆ ಟೀ ಅರ್ಧಕ್ಕೇ ಬಿಡುತ್ತಾನೆ.

ನಾವು ಏಳು ಗೋಲು ತಿಂದದ್ದು ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಒಂದು ಹಳೇ ಪದ್ಧತಿ. ಕಾರ್ಖಾನೆಯಲ್ಲಿ ಮೂರು ಪಾಳಿ, ವಾರಕ್ಕೊಮ್ಮೆ ಬದಲಾಗುತ್ತದೆ. ಶನಿವಾರ ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಹಾಗೇ ಮೈದಾನಕ್ಕೆ ಬಂದವನು ಹಿಂದೆ ನಿಲ್ಲಬೇಕು. ನಿದ್ದೆ ಇಲ್ಲ, ಓಡಲಾರ, ಪಾಪ ಹಿಂದೆ ನಿಂತುಕೊಳ್ಳಲಿ ಅಂತ. ರಾತ್ರಿ ಮನೆಯಲ್ಲಿ ಮಲಗಿ ಬಂದವರು ಮುಂದೆ. ಯಾವ ಪುಣ್ಯಾತ್ಮ ಇದನ್ನು ಶುರುಮಾಡಿದನೋ, ನಾನು ಸೇರುವ ಮೊದಲೇ ಇತ್ತು. ಹೀಗಾಗಿ ಪ್ರತಿವಾರ ನಮ್ಮ ಡಿಫೆನ್ಸ್ ಅಂದರೆ ಬೇರೆ ಬೇರೆ ನಾಲ್ಕು ಜನ. ಒಬ್ಬ ಆಕಳಿಸುತ್ತ ಮುಂದೆ ಹೋದರೆ ಇನ್ನೊಬ್ಬ ಆಕಳಿಸುತ್ತ ಹಿಂದೆ ಬರುತ್ತಾನೆ, ನಡುವೆ ಲಾರಿ ಹೋಗುವಷ್ಟು ಜಾಗ.

ಇದನ್ನು ಮುರಿಯಬೇಕೆಂದು ಹಠ ಹಿಡಿದೆ. ನಾಲ್ಕು ಜನರನ್ನು ಆರಿಸಬೇಕು, ಆ ನಾಲ್ವರೂ ಒಂದೇ ಪಾಳಿಯಲ್ಲಿರಬೇಕು, ದಿನಾ ಒಟ್ಟಿಗೆ ಅಭ್ಯಾಸ ಮಾಡಬೇಕು. ಯಾವ ಪಾಳಿ? ಬೆಳಗಿನ ಪಾಳಿ ಎಲ್ಲರಿಗೂ ಬೇಕು, ನಾಲ್ಕು ಜನಕ್ಕೆ ಬರೆದುಕೊಡುತ್ತಾರೆಯೇ? ಮಧ್ಯಾಹ್ನದ ಪಾಳಿ ರಾತ್ರಿ ಹತ್ತಕ್ಕೆ ಬಿಡುತ್ತದೆ, ಸಂಜೆ ಅಭ್ಯಾಸಕ್ಕೆ ಸಿಗುವುದಿಲ್ಲ. ಉಳಿದದ್ದು ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನದ ತನಕ ಮಲಗಿ ನಾಲ್ಕು ಗಂಟೆಗೆ ಮೈದಾನಕ್ಕೆ ಬರಬಹುದು. ಶನಿವಾರ ರಾತ್ರಿ ರಜೆ ಕೊಡಿಸಿ ಭಾನುವಾರ ರಾತ್ರಿ ಡ್ಯೂಟಿ ಹಾಕಿಸಿದರೆ ಆಟದ ದಿನ ನಿದ್ದೆಯೂ ಆಗಿರುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಪರ್ಮನೆಂಟಿನವರು ಒಬ್ಬರೂ ಒಪ್ಪಲಿಲ್ಲ. "ತಿಂಗಳುಗಟ್ಟಲೆ ನೈಟಾ? ನಿಂಗೇನು ಹುಚ್ಚಾ ಮುನಿಯಣ್ಣ?" ಅಂದರು. ಒಪ್ಪಿದವರು ಕಾಂಟ್ರ್ಯಾಕ್ಟಿನ ಹುಡುಗರು. ಅಂಜನ್, ಕೊಂಡಪ್ಪ, ಅತೀಫ್. ಅವರಿಗೆ ಇಲ್ಲ ಅಂದು ಅಭ್ಯಾಸವಿಲ್ಲ. ನಾಲ್ಕನೆಯವನಾಗಿ ನನಗೆ ಬೇಕಾಗಿದ್ದವನು ಫರಾಜ್.

ಫರಾಜ್ ನಮ್ಮ ತಂಡದಲ್ಲೇ ಚುರುಕು. ಇಪ್ಪತ್ತಾರು ವರ್ಷ, ಎಡಗಾಲಿನ ಆಟಗಾರ. ಚೆಂಡು ಸಿಕ್ಕಿದರೆ ಸಾಕು, ಎದುರಿನವನು ಯಾವ ಕಡೆ ವಾಲುತ್ತಾನೆ ಎಂದು ಅವನಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಇಂಥವನು ಹಿಂದೆ ನಿಂತರೆ ಯಾವ ಫಾರ್ವರ್ಡ್ ದಾಟಿ ಹೋಗುತ್ತಾನೆ? ಈ ಮಾತು ಕೇಳಿ ಜಾಫರ್ ತಲೆ ಚಚ್ಚಿಕೊಂಡ. "ಇರೋ ಒಬ್ಬ ಗೋಲ್ ಹೊಡೆಯೋನ್ನೂ ಹಿಂದಕ್ಕೆ ಹಾಕ್ತೀಯಾ? ನಿನ್ಗೆ ನಿಜ್ವಾಗ್ಲೂ ತಲೆ ಕೆಟ್ಟದೆ ಕಣೋ," ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಫರಾಜನ ಮನೆ ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಮನೆಗಳ ನಡುವೆ. ಅಕ್ಕಪಕ್ಕದ ಪವರ್‌ಲೂಮ್‌ಗಳ ಸದ್ದಿಗೆ ಅಲ್ಲಿ ಎಲ್ಲರೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ತಂದೆ ಇಲ್ಲ, ತಾಯಿ ಅನ್ವರ್ ಬೇಗಂ. ಎಂಟು ತಿಂಗಳ ಹಿಂದೆ ಮದುವೆಯಾಗಿತ್ತು, ಹೆಂಡತಿ ನಿಶತ್. ಮದುವೆಗೆ ನಾನೂ ಜಾಫರನೂ ಹೋಗಿ ಬಿರಿಯಾನಿ ಬಡಿಸಿ ಬಂದಿದ್ದೆವು. ಆ ಸಲುಗೆಯ ಮೇಲೆಯೇ ಹೋದೆ.

"ಹೊಸ ಮದ್ವೆ ಹುಡುಗನ್ನ ನೈಟಿಗೆ ಹಾಕ್ತೀಯಾ? ನಿಂಗೆ ನಾಚಿಕೆ ಆಗಲ್ವಾ ಮುನಿ?" ಎಂದು ಅನ್ವರ್ ಬೇಗಂ ನಗುತ್ತಲೇ ಬೈದರು. ಒಳಗಿನಿಂದ ನಿಶತ್ ನಕ್ಕ ಸದ್ದೂ ಕೇಳಿಸಿತು. ಆಮೇಲೆ ಆ ತಾಯಿ ನಗು ನಿಲ್ಲಿಸಿ ನನ್ನ ಎದುರು ಕುಳಿತರು.

"ನೋಡು ಬೇಟಾ, ಆಟ ಗೀಟ ನಂಗೆ ಗೊತ್ತಾಗಲ್ಲ. ಮೂರು ವರ್ಷ ಆದ್ರೆ ಪರ್ಮನೆಂಟ್ ಮಾಡ್ತಾರಂತಲ್ಲ? ಇವನಿಗೆ ಇನ್ನು ಎಂಟು ತಿಂಗಳೈತೆ. ನಮಾಜಲ್ಲಿ ಅದೊಂದೇ ಕೇಳ್ತೀನಿ ನಾನು. ನೈಟ್ ಮಾಡಿದ್ರೆ ಅದಕ್ಕೇನೂ ತೊಂದ್ರೆ ಆಗಲ್ಲ ತಾನೆ?"

"ತೊಂದ್ರೆನಾ? ಅಯ್ಯೋ ಅಮ್ಮಾ, ನೈಟ್ ಮಾಡೋರು ಸಿಗೋದೇ ಇಲ್ಲ. ಅಂಥೋರನ್ನ ಕಂಪನಿ ತಲೆ ಮೇಲೆ ಕೂರಿಸ್ಕೊಳ್ಳುತ್ತೆ. ಹೆಚ್ಚುಕಮ್ಮಿ ಆದ್ರೆ ನಾನಿಲ್ವಾ? ಸ್ಟೋರ್ಸಲ್ಲಿ ಕೂತಿರ್ತೀನಿ, ಒಳಗಿನ ಸುದ್ದಿ ಎಲ್ಲಾ ಮೊದ್ಲು ನಂಗೇ ಬರೋದು."

ಇಷ್ಟು ಮಾತು ಸಾಕಾಯಿತು ಅವರಿಗೆ. ಫರಾಜ್ ಮಾತ್ರ ಮೆಟ್ಟಿಲ ತನಕ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನಗೆ ಮೆಲ್ಲಗೆ, "ಅಣ್ಣ, ನಾನು ಗೋಲ್ ಹೊಡೆಯೋನು," ಎಂದ.

"ಗೊತ್ತು ಕಣಪ್ಪಾ. ಗೋಲ್ ಹೊಡೆಯೋನ ತಲೆಯೊಳಗೆ ಏನು ಓಡ್ತಿರುತ್ತೆ ಅಂತ ನಿಂಗೆ ಗೊತ್ತು. ಅದಕ್ಕೇ ನೀನು ಬೇಕು. ಒಂದು ಸೀಸನ್ ನಿಂತ್ಕೋ, ಆಮೇಲೆ ನೋಡೋಣ."

ಪತ್ರ ನಾನೇ ಬರೆದೆ. 'ನಾವು ನಾಲ್ವರೂ ನಮ್ಮ ಸ್ವಂತ ಇಚ್ಛೆಯಿಂದ ರಾತ್ರಿ ಪಾಳಿಯಲ್ಲೇ ಕೆಲಸ ಮಾಡಲು ಒಪ್ಪಿರುತ್ತೇವೆ.' ನನ್ನ ಕೈಬರಹ ಚೆನ್ನಾಗಿದೆ ಅಂತ ಇಡೀ ಕಾರ್ಖಾನೆಯ ರಜೆ ಅರ್ಜಿ ನಾನೇ ಬರೆಯುವುದು. ಅದರ ಕೆಳಗೆ ನಾಲ್ವರೂ ಓದದೆಯೇ ಸಹಿ ಹಾಕಿದರು. ಪಾಳಿ ನೋಡಿಕೊಳ್ಳುವ ಸೂಪರ್‌ವೈಸರ್ ಹನುಮಂತರಾಯಪ್ಪ ಪತ್ರ ಓದಿ ಕನ್ನಡಕ ಹಣೆಗೇರಿಸಿದರು. "ತಾವಾಗೇ ನೈಟ್ ಕೇಳ್ತಾವ್ರೆ ಅಂದ್ರೆ ನಂಗೇನ್ರೀ ಕಷ್ಟ? ಪ್ರತಿವಾರ ಇದಕ್ಕೇ ಹೊಡೆದಾಟ ಇಲ್ಲಿ," ಎಂದು ಹತ್ತು ನಿಮಿಷದಲ್ಲಿ ಎಲ್ಲ ಮುಗಿಸಿಕೊಟ್ಟರು. ಶನಿವಾರದ ರಜೆಗೂ ಒಪ್ಪಿದರು. ಇಷ್ಟು ಸಲೀಸಾಗಿ ಆ ಮನುಷ್ಯ ಒಂದು ಬಲ್ಬ್ ಬದಲಾಯಿಸಲಿಕ್ಕೂ ಒಪ್ಪಿದವರಲ್ಲ.

ಮೊದಲ ಹದಿನೈದು ದಿನ ನರಕ. ಕೊಂಡಪ್ಪ ನಿಂತಲ್ಲೇ ತೂಕಡಿಸುತ್ತಿದ್ದ. ಅತೀಫ್ ಒಂದು ದಿನ ನೀಲಗಿರಿ ಮರದ ಕೆಳಗೆ ಮಲಗಿದವನು ಅಭ್ಯಾಸ ಮುಗಿದ ಮೇಲೇ ಎದ್ದ. ನಾನು ಹಗ್ಗ ತಂದು ನಾಲ್ವರ ಸೊಂಟಕ್ಕೂ ಕಟ್ಟಿ, ಒಬ್ಬ ಮುಂದೆ ಹೆಜ್ಜೆ ಇಟ್ಟರೆ ನಾಲ್ವರೂ ಇಡಬೇಕು ಅಂತ ಬಡಕೊಂಡೆ. ಆಚೆ ಬಸ್ಸಿಗೆ ಕಾಯುತ್ತಿದ್ದ ಗಾರ್ಮೆಂಟ್ಸ್ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಫರಾಜ್ ಆ ಕಡೆ ನೋಡುತ್ತಲೇ ಇರಲಿಲ್ಲ. ಚೆಂಡು ಸಿಕ್ಕಿದಾಗಲೆಲ್ಲ ಅವನ ಕಾಲು ಮುಂದಕ್ಕೇ ಎಳೆಯುತ್ತಿತ್ತು. ಆಮೇಲೆ ಹಗ್ಗ ನೆನಪಾಗಿ ನಿಲ್ಲುತ್ತಿದ್ದ.

ನವೆಂಬರಿನಲ್ಲಿ ಈ ವರ್ಷದ ಕಪ್ಪು ಶುರುವಾಯಿತು. ಮೊದಲ ಆಟ ಸೊನ್ನೆ-ಸೊನ್ನೆ. ಎರಡನೆಯದು ಒಂದು-ಸೊನ್ನೆ, ನಾವು ಗೆದ್ದೆವು. ಮೂರನೆಯದು ಮತ್ತೆ ಸೊನ್ನೆ-ಸೊನ್ನೆ. ಜನ ಆಕಳಿಸಿದರು. ಜಾಫರ್ ಗೆರೆಯಾಚೆ ನಿಂತು, "ಇದನ್ನ ನೋಡೋ ಬದ್ಲು ಮನೇಲಿ ಅಕ್ಕಿ ಆರಿಸ್ಬಹುದಿತ್ತು," ಎಂದು ಗೊಣಗಿದ. ಆದರೂ ಒಬ್ಬನೂ ನಮ್ಮ ಗೋಲಿನೊಳಗೆ ಚೆಂಡು ಹಾಕಲಿಲ್ಲ. ಫರಾಜ್ ಒಂದು ಕೈ ಮೇಲೆತ್ತಿದರೆ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು, ಎದುರಿನವನು ಆಫ್‌ಸೈಡಿನಲ್ಲಿ ಬೆಪ್ಪಾಗಿ ನಿಂತಿರುತ್ತಿದ್ದ. ನಾನು ಇಪ್ಪತ್ತು ವರ್ಷ ಆಡಿದರೂ ಕಾಣದ ಸುಖ ಅದು.

"ಅಣ್ಣ, ಮುಂದೆ ಆಡ್ವಾಗ ಬರೀ ಬಾಲ್ ಕಾಣ್ತಿತ್ತು. ಈಗ ಎಲ್ಲಾರೂ ಕಾಣ್ತಾರೆ," ಎಂದು ಒಂದು ಸಂಜೆ ಅವನೇ ಹೇಳಿದ. ಅವನ ಕಣ್ಣಿನ ಕೆಳಗೆ ಕಪ್ಪಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಹೆಂಡತಿ ಏಳುವ ಹೊತ್ತಿಗೆ ಇವನು ಮಲಗುತ್ತಾನೆ, ಅವಳು ಮಲಗುವ ಹೊತ್ತಿಗೆ ಬೈಕ್ ಹತ್ತುತ್ತಾನೆ. ನನಗೆ ಅದೆಲ್ಲ ಕಾಣಿಸುತ್ತಿತ್ತು. ಸೀಸನ್ ಮುಗಿಯಲಿ, ಎಲ್ಲ ಸರಿಯಾಗುತ್ತದೆ ಅಂದುಕೊಳ್ಳುತ್ತಿದ್ದೆ.

ಜನವರಿ ಕೊನೆಗೆ ಸ್ಟೋರ್ಸ್‌ನಲ್ಲಿ ನನಗೆ ಸುಳಿವು ಸಿಕ್ಕಿತು. ಮೂರು ಪಾಳಿಗೂ ಕಚ್ಚಾಮಾಲು, ಅಂದರೆ ಪ್ಲಾಸ್ಟಿಕ್ ಹರಳಿನ ಚೀಲ, ಕೊಡುವವನು ನಾನು. ರಾತ್ರಿ ಪಾಳಿಗೆ ಅರವತ್ತು ಚೀಲ ಹೋಗುತ್ತಿದ್ದದ್ದು ನಲವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತೈದಕ್ಕೆ. ಗುರುವಾರ ಹರಳು ತುಂಬಿಕೊಂಡು ಬಂದ ಲಾರಿಯನ್ನು ಇಳಿಸಿಕೊಳ್ಳಬೇಡಿ, ವಾಪಸ್ ಕಳಿಸಿ ಎಂದು ಫೋನ್ ಬಂತು. ಎಂಟು ವರ್ಷದ ಹಿಂದೆ ಹೀಗೇ ಲಾರಿ ವಾಪಸ್ ಹೋಗಿತ್ತು. ಅದಾಗಿ ಎರಡು ವಾರಕ್ಕೆ ರಾತ್ರಿ ಪಾಳಿ ನಿಲ್ಲಿಸಿ ಕಾಂಟ್ರ್ಯಾಕ್ಟಿನ ಹುಡುಗರನ್ನು ಮನೆಗೆ ಕಳಿಸಿದ್ದರು. ಆಗ ಅವರ ಬೂಟು, ಹೆಲ್ಮೆಟ್ಟು ವಾಪಸ್ ಇಸಿದುಕೊಂಡವನೇ ನಾನು. ಹಾಗಾಗಿ ನನಗೆ ಗೊತ್ತಿರಲಿಲ್ಲ ಅಂತ ಯಾರ ತಲೆ ಮೇಲೆ ಕೈಯಿಟ್ಟೂ ಹೇಳಲಾರೆ.

ಶುಕ್ರವಾರ ಹನುಮಂತರಾಯಪ್ಪ ತಾವಾಗಿಯೇ ಸ್ಟೋರ್ಸಿಗೆ ಬಂದರು. ಬರುವವರಲ್ಲ, ಕರೆಸುವವರು. ಒಂದು ಚೀಲದ ಮೇಲೆ ಕೈಯಾಡಿಸುತ್ತ ನಿಂತರು.

"ಮುನೀಂದ್ರ, ಸೋಮವಾರದಿಂದ ಹೊಸ ಶಿಫ್ಟ್ ಲಿಸ್ಟು. ನಿಮ್ ನಾಲ್ಕು ಜನಾನ ಮಾಮೂಲಿ ಪಾಳಿಗೆ ಹಾಕ್ಬಿಡ್ಲಾ, ಇಲ್ಲ ಹಂಗೇ ಇರ್ಲಾ?"

ಆ ಭಾನುವಾರ ದೇವನಹಳ್ಳಿ ಕಡೆಯವರ ಜೊತೆ ಸೆಮಿಫೈನಲ್. ಅದು ಗೆದ್ದರೆ ಮುಂದಿನ ಭಾನುವಾರ ಫೈನಲ್, ಅದೇ ಹೊಸಕೋಟೆಯವರ ಜೊತೆ. ಪಾಳಿ ಚದುರಿದರೆ ಅಭ್ಯಾಸ ಹೋಯಿತು, ನಾಲ್ವರಲ್ಲಿ ಇಬ್ಬರು ಮತ್ತೆ ಶನಿವಾರ ರಾತ್ರಿ ನಿದ್ದೆಗೆಟ್ಟು ಬರುತ್ತಾರೆ. ಏಳು ಗೋಲು ನೆನಪಾಯಿತು, ಟೆಂಪೊ ಹತ್ತುವಾಗ ಅವರು ಹಾಕಿದ ಕೇಕೆ ನೆನಪಾಯಿತು. ಇನ್ನೆರಡೇ ಭಾನುವಾರ. ಹಿಂದಿನ ಸಲ ಎರಡು ವಾರ ಹಿಡಿದಿತ್ತಲ್ಲ, ಈ ಸಲವೂ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದೆ.

"ಫೈನಲ್ ಒಂದು ಮುಗ್ದ್‌ಹೋಗ್ಲಿ ಸಾರ್, ಆಮೇಲೆ ಬದಲಾಯ್ಸೋಣ," ಎಂದೆ.

"ನಿಮ್ಮಿಷ್ಟ," ಎಂದು ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಟರು.

ಸೆಮಿಫೈನಲ್ ಸೊನ್ನೆ-ಸೊನ್ನೆಗೆ ನಿಂತಿತು. ಕೊನೆಯ ನಿಮಿಷದಲ್ಲಿ ಹೊಸ ಕೀಪರನ ಕೈ ತಪ್ಪಿದ ಚೆಂಡನ್ನು ಫರಾಜ್ ಗೆರೆಯ ಮೇಲಿಂದ ಒದ್ದು ತೆಗೆದ, ಒದ್ದ ರಭಸಕ್ಕೆ ತಾನೇ ಹೋಗಿ ಕಂಬಕ್ಕೆ ಬಡಿದುಕೊಂಡ. ಪೆನಾಲ್ಟಿಗೆ ಹೋಯಿತು. ಐದನೆಯದನ್ನು ಹೊಡೆಯಲು ಅವನನ್ನೇ ಕಳಿಸಿದೆ. ಎಡಗಾಲಿನಲ್ಲಿ ಮೂಲೆಗೆ ಇಟ್ಟ, ಗೆದ್ದೆವು. ಇಡೀ ಸೀಸನ್ನಿನಲ್ಲಿ ಅವನು ಹೊಡೆದ ಗೋಲು ಅದೊಂದೇ. ಜಾಫರ್ ಓಡಿ ಬಂದು ನನ್ನನ್ನು ಎತ್ತಿ ಕುಣಿಸಿ, "ಸೋತೆ ಕಣೋ ಮುನಿ, ನಿನ್ ಡಿಫೆನ್ಸಿಗೆ ದೊಡ್ಡ ನಮಸ್ಕಾರ!" ಎಂದು ಕೂಗಿದ. ಹದಿನಾರು ವರ್ಷದಲ್ಲಿ ಅವನು ಒಪ್ಪಿಕೊಂಡದ್ದು ಅದೇ ಮೊದಲು. ಆ ಸಂಜೆ ನಾನು ಲಾರಿಯನ್ನೂ ಚೀಲಗಳನ್ನೂ ಮರೆತೇಬಿಟ್ಟಿದ್ದೆ.

ಎರಡು ವಾರ ಹಿಡಿಯಲಿಲ್ಲ. ಬುಧವಾರ ಬೆಳಿಗ್ಗೆ ನಾನು ಬೈಕ್ ನಿಲ್ಲಿಸುವ ಹೊತ್ತಿಗೆ ಎರಡನೇ ಗೇಟಿನ ಬೋರ್ಡಿನ ಮುಂದೆ ಗುಂಪು. ಗುರುವಾರದಿಂದ ರಾತ್ರಿ ಪಾಳಿ ಇಲ್ಲ. ಪಾಳಿ ತಿರುಗುತ್ತಿದ್ದವರನ್ನು ಉಳಿದೆರಡು ಪಾಳಿಗೆ ಹಂಚಲಾಗಿದೆ. ರಾತ್ರಿ ಪಾಳಿಗೆಂದೇ ಇದ್ದ ಕಾಂಟ್ರ್ಯಾಕ್ಟ್ ನೌಕರರು ಗೇಟ್ ಪಾಸ್ ಒಪ್ಪಿಸಿ ಹೋಗತಕ್ಕದ್ದು. ಕೆಳಗೆ ಹೆಸರು. ನಾಲ್ಕೇ ಹೆಸರು.

ಆ ನಾಲ್ವರು ಆಗಷ್ಟೇ ಪಾಳಿ ಮುಗಿಸಿ ಹೊರಗೆ ಬಂದಿದ್ದರು. ಕೊಂಡಪ್ಪ ಬೋರ್ಡನ್ನು ಮತ್ತೆ ಮತ್ತೆ ಓದುತ್ತಿದ್ದ. ಫರಾಜ್ ನನ್ನನ್ನು ನೋಡಿದ, ಏನೋ ಕೇಳುವವನ ಹಾಗೆ. ನಾನು, "ಇರಿ, ಇರಿ, ನಾನು ಮಾತಾಡ್ತೀನಿ," ಎಂದು ಹೇಳಿ ಒಳಗೆ ಓಡಿದೆ.

ಹನುಮಂತರಾಯಪ್ಪನವರ ಮುಂದೆ ನಾನು ಹೇಗೆ ಕೂಗಾಡಿದೆ ಅಂತ ಈಗ ನೆನೆಸಿಕೊಂಡರೆ ಅಸಹ್ಯವಾಗುತ್ತದೆ. ಎರಡೂವರೆ ವರ್ಷ ದುಡಿದವರನ್ನು ಹೀಗೆ ಕಳಿಸುತ್ತೀರಾ, ಮನುಷ್ಯರಾ ನೀವು, ಅಂತೆಲ್ಲ. ಅವರು ಕೂಗಲಿಲ್ಲ. ಫೈಲ್ ತೆಗೆದು ಆ ಪತ್ರ ನನ್ನ ಮುಂದಿಟ್ಟರು.

"ಕಾಂಟ್ರ್ಯಾಕ್ಟಿನೋರು ನಲವತ್ತು ಜನ ಅವ್ರೆ. ನಾಲ್ಕು ಜನಾನ ಬಿಡಿ ಅಂತ ಮೇಲಿಂದ ಬಂತು. ಪಾಳಿ ತಿರುಗ್ತಾ ಇರೋರಲ್ಲಿ ಯಾರನ್ನ ಆರಿಸ್ಲಿ? ನೈಟಿಗೇ ಅಂತ ಬರ್ಕೊಟ್ಟೋರು ಇವ್ರೇ. ಪಾಳಿ ಇಲ್ಲ ಅಂದ್ಮೇಲೆ ಇವ್ರ ಕೆಲ್ಸಾನೂ ಇಲ್ಲ. ಯಾರದ್ರೀ ಈ ಕೈಬರಹ?"

ನಾನು ಪತ್ರವನ್ನು ಅವರ ಕಡೆಗೆ ತಳ್ಳಿದೆ.

"ಶುಕ್ರವಾರ ನಾನೇ ಬಂದು ಕೇಳಿದ್ನಲ್ರೀ. ಅದಕ್ಕಿಂತ ಬಿಡಿಸಿ ಹೇಳೋ ಹಾಗಿರ್ಲಿಲ್ಲ. ಹೇಳಿದ್ರೆ ನನ್ ಕೆಲ್ಸ ಹೋಗ್ತಿತ್ತು. ಸ್ಟೋರ್ಸಲ್ಲಿ ಕೂತೋರು ನೀವು, ಅರ್ಥ ಆಗಿರುತ್ತೆ ಅಂದ್ಕೊಂಡೆ."

ಅರ್ಥ ಆಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ಅಷ್ಟೆ. ಆ ಮಧ್ಯಾಹ್ನ ನಾಲ್ಕು ಜೊತೆ ಬೂಟು, ನಾಲ್ಕು ಹೆಲ್ಮೆಟ್ಟು ನನ್ನ ಕೌಂಟರಿಗೇ ಬಂದವು. ರಿಜಿಸ್ಟರಿನಲ್ಲಿ ಬರೆದುಕೊಂಡು ಒಳಗಿಟ್ಟೆ.

ಫೈನಲ್ ಆಡಲೇ ಇಲ್ಲ. ಪಾಸ್ ಇಲ್ಲದವರನ್ನು ಆಡಿಸುವಂತಿಲ್ಲ. ಜಾಫರ್ ಬಂದು, "ವಾಕ್‌ಓವರ್ ಕೊಟ್ಬಿಡೋಣ," ಎಂದಷ್ಟೇ ಹೇಳಿದ. ಅವನಿಗೆ ಶುಕ್ರವಾರದ ಮಾತು ಗೊತ್ತಿರಲಿಲ್ಲ. ಲಾರಿ ವಾಪಸ್ ಹೋದದ್ದು ಗೊತ್ತಿತ್ತು, ಅವನೇ ಫೋರ್ಕ್‌ಲಿಫ್ಟ್ ತಂದು ಇಳಿಸಲು ನಿಂತಿದ್ದ. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಕೊಟ್ಟ ಟೀಯನ್ನು ಪೂರ್ತಿ ಕುಡಿದು ಹೋದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಕಾಂಟ್ರ್ಯಾಕ್ಟರ್ ಹತ್ತಿರ ಹೋದೆ, ಪರ್ಸನೆಲ್ ಆಫೀಸಿಗೆ ಹೋದೆ, ಪಕ್ಕದ ಎರಡು ಕಾರ್ಖಾನೆಯ ಗೇಟಿನಲ್ಲಿ ನಿಂತು ಬಂದೆ. ಎಲ್ಲ ಕಡೆ ಒಂದೇ ಮಾತು, ಏಪ್ರಿಲ್ ಕಳೀಲಿ ನೋಡೋಣ. ಬೇರೆ ಕಡೆ ಸಿಕ್ಕರೂ ಫರಾಜನ ಮೂರು ವರ್ಷ ಮತ್ತೆ ಮೊದಲಿನಿಂದ. ಉಳಿದಿದ್ದ ಐದು ತಿಂಗಳು ಅಲ್ಲಿಗೇ ಮುಗಿಯಿತು. ಶನಿವಾರ ಸಂಜೆ ಅವರ ಮನೆಗೆ ಹೋದೆ. ಹೋಗದೆ ಇರಲು ಮೂರು ದಿನ ನೆಪ ಹುಡುಕಿದ್ದೆ, ಇನ್ನು ನೆಪ ಉಳಿದಿರಲಿಲ್ಲ.

ಅನ್ವರ್ ಬೇಗಂ ಬಾಗಿಲಲ್ಲೇ, "ಬಾ ಬೇಟಾ ಬಾ, ನೀನು ಬಂದೇ ಬರ್ತೀಯ ಅಂತ ಹೇಳ್ತಾನೇ ಇದ್ದೆ ಇವಳಿಗೆ," ಎಂದು ಒಳಗೆ ಕರೆದರು. ನಿಶತ್ ಗೋಡೆಗೆ ಒರಗಿ ಕೂತಿದ್ದವಳು ಎದ್ದು ತಲೆ ಮೇಲೆ ದುಪಟ್ಟಾ ಎಳೆದುಕೊಂಡಳು. ಇಬ್ಬರೂ ಚಹಾ ಮಾಡಲು ಒಳಗೆ ಹೋದರು. ಪಕ್ಕದ ಮನೆಯ ಮಗ್ಗ ಓಡುತ್ತಿತ್ತು. ಫರಾಜ್ ಎದುರಿನ ಕುರ್ಚಿಯಲ್ಲಿ ಕೂತ. ಮೂರು ದಿನ ರಾತ್ರಿ ಮಲಗಿದ್ದಕ್ಕೋ ಏನೋ, ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಕಡಿಮೆಯಾಗಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

"ಅಣ್ಣ, ಒಂದು ಕೇಳ್ಲಾ? ಸೆಮಿಫೈನಲ್ ದಿನ ನಿಮಗೆ ಗೊತ್ತಿತ್ತಾ?"

ದಾರಿಯುದ್ದಕ್ಕೂ ಬೈಕಿನ ಮೇಲೆ ಹತ್ತು ಉತ್ತರ ಕಟ್ಟಿಕೊಂಡು ಬಂದಿದ್ದೆ. ಎಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

"ಗೊತ್ತಿತ್ತು ಕಣಪ್ಪಾ. ಲಾರಿ ವಾಪಸ್ ಹೋದಾಗ್ಲೇ ಗೊತ್ತಾಯ್ತು. ಸಾರ್ ಬಂದು ಪಾಳಿ ಬದಲಾಯಿಸ್ಲಾ ಅಂತ ಕೇಳಿದ್ರು. ಫೈನಲ್ ಮುಗೀಲಿ ಅಂದ್ಬಿಟ್ಟೆ."

ಅವನು ತಲೆ ಅಲ್ಲಾಡಿಸಿದ. ಸಿಟ್ಟು ಮಾಡಿಕೊಂಡಿದ್ದರೆ ಕಾಲು ಹಿಡಿಯುತ್ತಿದ್ದೆ.

"ನಮಗೂ ಗೊತ್ತಾಗಿತ್ತಣ್ಣ. ಎಂಟು ಮೆಷಿನಲ್ಲಿ ಐದು ಆಫ್ ಆಗಿದ್ವು, ಕಾಣಲ್ವಾ? ನಡೀರೋ, ಹೋಗಿ ಡೇ ಪಾಳಿ ಕೇಳ್ಕೊಳೋಣ ಅಂತ ಅಂಜನ್ ಎರಡು ಸಲ ಹೇಳ್ದ. ನಾನೇ ಬೇಡ ಅಂದೆ. ಮುನಿಯಣ್ಣ ಸ್ಟೋರ್ಸಲ್ಲಿ ಅವ್ರೆ, ನಮ್ಗಿಂತ ಮೊದ್ಲು ಅವ್ರಿಗೆ ಗೊತ್ತಾಗುತ್ತೆ, ಹಂಗೇನಾದ್ರೂ ಇದ್ರೆ ಅವ್ರೇ ನಮ್ಮನ್ನ ತೆಗೀತಿದ್ರು, ಸುಮ್ನೆ ಆಡ್ರೋ ಅಂದೆ." ಆಮೇಲೆ, "ಅವ್ರು ಮೂರು ಜನ ಈಗ ನನ್ ಹತ್ರ ಮಾತಾಡ್ತಾ ಇಲ್ಲ," ಎಂದ. ಎದ್ದು ಹಿತ್ತಲ ಕಡೆ ಹೋದ. ಕೈಕಾಲು ತೊಳೆಯುವ ನೀರಿನ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

ಅನ್ವರ್ ಬೇಗಂ ಚಹಾ ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟರು. ಏಲಕ್ಕಿ ಹಾಕಿದ್ದರು, ನೆಂಟರಿಗೆ ಹಾಕುವ ಹಾಗೆ. ನೆಲದ ಮೇಲೆ ಕೂತು ಮಂಡಿಯ ಮೇಲೆ ಕೈಯಿಟ್ಟುಕೊಂಡರು.

"ಹೇಳು ಮುನಿ, ಸಾಹೇಬ್ರ ಹತ್ರ ಮಾತಾಡಿದ್ಯಂತೆ. ಏನಂದ್ರು? ವಾಪಸ್ ತಗೋತಾರಾ?"

"ಇಲ್ಲಮ್ಮ. ಆಗಲ್ಲ."

"ಯಾಕೆ ಬೇಟಾ? ಇವನೇನು ತಪ್ಪು ಮಾಡ್ದ?"

"ಇವನೇನೂ ಮಾಡ್ಲಿಲ್ಲಮ್ಮ. ನಾನು ಮಾಡ್ದೆ. ಉಳ್ಸೋ ಹಾಗಿತ್ತು, ನಂಗೆ ಮೊದ್ಲೇ ಗೊತ್ತಿತ್ತು. ಆಟ ಮುಗೀಲಿ ಅಂತ ಸುಮ್ನಿದ್ದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಮಗ್ಗದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನನ್ನ ಕಡೆ ಬಗ್ಗಿದರು. ನಾನು ಮತ್ತೊಮ್ಮೆ, ಇನ್ನೂ ಜೋರಾಗಿ, ಅದೇ ಮಾತು ಹೇಳಬೇಕಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಶತ್ ನಿಂತು ಕೇಳುತ್ತಿದ್ದಳು.

"ಎಷ್ಟು ದಿನ ಮುಂಚೆ ಗೊತ್ತಿತ್ತು?" ಎಂದು ಅನ್ವರ್ ಬೇಗಂ ಕೇಳಿದರು.

"ಆರು ದಿನ."

ಆರು, ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. ನೆಲಕ್ಕೆ ಕೈಯೂರಿ ಎದ್ದರು. ನನ್ನ ಮುಂದಿದ್ದ ಚಹಾದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.